ಪದ್ಮಿನಿಯ ಕಾರ್ಬುರೇಟರ್

ಬೊರಿವಲಿಯ ನಮ್ಮ ಸೊಸೈಟಿಯಲ್ಲಿ ಉಳಿದಿರುವ ಪ್ರೀಮಿಯರ್ ಪದ್ಮಿನಿ ನನ್ನದೊಂದೇ. ಇದೇ ಮುಂಬಯಿಯ ಕುರ್ಲಾದಲ್ಲಿ ತಯಾರಾದ ಕಾರು. 2023ರ ಅಕ್ಟೋಬರ್ 30ರಿಂದ ಟ್ಯಾಕ್ಸಿಯಾಗಿಯೂ ಈ ಊರಲ್ಲಿ ಅದು ಓಡುತ್ತಿಲ್ಲ. ಅದನ್ನು ಬಲ್ಲ ಕೈಗಳೂ ಕಡಿಮೆಯಾದವು. ಹೀಗಾಗಿ, ಬ್ಯಾಂಕಿನಲ್ಲಿ ಲೆಡ್ಜರ್ ಬಿಟ್ಟು ಬೇರೇನನ್ನೂ ಬಿಚ್ಚದ ನಾನು ನಿವೃತ್ತಿಯ ನಂತರ ಸ್ಪ್ಯಾನರ್ ಹಿಡಿದೆ.

ಗುರು ಕಲಬುರಗಿ ಕಡೆಯ ಹಿರಿಯ ಮಿಸ್ತ್ರಿ. ಕಣ್ಣು ಮಂಜು; ಸ್ಟೂಲಿನ ಮೇಲೆ ಕೂತು ಅವರು ಹೇಳಬೇಕು, ನಾನು ಮಾಡಬೇಕು.

"ಎಂಜಿನ್ ಆರ್ಲಿ. ಮೊದ್ಲ ಬ್ಯಾಟರಿ ವೈರ್ ತಗೀರಿ ಸಾಹೇಬ್ರ. ಬೀಡಿ ಬೆಂಕಿ ಹತ್ರ ಬ್ಯಾಡ."

ಏರ್ ಫಿಲ್ಟರ್ ಎತ್ತಿದೆ. ಪೆಟ್ರೋಲ್ ಪೈಪು ಬಿಡಿಸಿ ಬಾಯಿಗೆ ಬಿರಟೆ ಹಾಕಿದೆ. ಚೋಕ್ ತಂತಿ, ಆಕ್ಸಿಲರೇಟರ್ ಕಡ್ಡಿ, ಕೊನೆಗೆ ನಟ್ಟುಗಳು. ಬಿಚ್ಚಿದ ಕ್ರಮದಲ್ಲೇ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿದೆ. ಇದೊಂದು ಬ್ಯಾಂಕು ಕಲಿಸಿದ ಶಿಸ್ತು. ಕಾರ್ಬುರೇಟರನ್ನು ನೇರ ಮೇಲಕ್ಕೆತ್ತಿದ್ದೇ ತಡ, "ಆ ತೂತಿಗೆ ಸ್ವಚ್ಛ ಬಟ್ಟಿ ತುರುಕ್ರಿ! ನಟ್ ಒಳಗ ಬಿದ್ರ ಎಂಜಿನ್ನೇ ಹೋತು" ಎಂದರು.

ಮುಂದಿನ ತಿಂಗಳು ಅವರು ಕಾಯಂ ಊರಿಗೆ ಹೋಗುತ್ತಾರೆ. ಕಾರು ಮಾರಿಬಿಡಿ ಅನ್ನುತ್ತಾನೆ ಮಗ. ಆದರೆ ಹಿಂದಿ, ಮರಾಠಿಯಲ್ಲೇ ದುಡಿದು ಹಣ್ಣಾದ ನಾವಿಬ್ಬರೂ ಮನಸಾರೆ ಕನ್ನಡ ಮಾತಾಡಿದ್ದು ಈ ಬಾನೆಟ್ಟಿನ ಮುಂದೆ. ಜೆಟ್ ತೊಳೆಯುವುದು, ಮತ್ತೆ ಕೂರಿಸುವುದು ಬಾಕಿಯಿದೆ. ಅವರಿರುವಾಗಲೇ ಕಲಿಯಬೇಕು.