ಮಲ್ಲೇಶ್ವರದ ತಾರಸಿಯಲ್ಲೊಂದು ನೀಲಿ ಭಾನುವಾರ

ಮಲ್ಲೇಶ್ವರದಲ್ಲಿ ಮರದ ಹೆಸರಿರುವ ಎರಡು ದೊಡ್ಡ ರಸ್ತೆಗಳಿವೆ. ಒಂದು ಸಂಪಿಗೆ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದ್ರೆ ನಮ್ಮ ಬೇವು ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ಅಲ್ಲೇ ಓಡಾಡಿದವರಿದ್ದಾರೆ. 1898ರ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ, ಬೆಳಕು ಹುಡುಕಿಕೊಂಡು ಬಂದವರಿಂದ ಬೆಳೆದ ಬಡಾವಣೆ ಇದು. ಹಾಗಾಗಿ ಇಲ್ಲಿನ ಹಳೇ ಮನೆಗಳಿಗೆ ಮುಂದೊಂದಿಷ್ಟು ಗಿಡ, ಹಿಂದೊಂದು ಹಿತ್ತಲು ಇದ್ದೇ ಇರುತ್ತಿತ್ತು. ಈಗ ಅವು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ.

ನಮ್ಮ ಆಫೀಸಿನ ಗೆಳತಿಯ ಅಜ್ಜಿ ಮನೆಯ ಸರದಿಯೂ ಬಂದಿತ್ತು. ಬಿಲ್ಡರ್ ಜೊತೆ ಮಾತು ಮುಗಿದು, ಏಪ್ರಿಲ್‌ನಲ್ಲಿ ಖಾಲಿ ಮಾಡಬೇಕು. "ಹಿತ್ತಲಿನ ಮರಗಳು ಹೋಗೋ ಮುಂಚೆ ಅವುಗಳ ಪ್ರಿಂಟ್ ತೆಗೆಯೋಣ, ಬರ್ತೀರಾ?" ಅಂದಳು. ಫೋಟೋ ಅಂದುಕೊಂಡೆವು. ಅಲ್ಲ, ಸಯನೋಟೈಪ್ ಅಂತೆ.

ಫೆಬ್ರವರಿ ಕೊನೆಯ ಭಾನುವಾರ ಏಳು ಜನ ಮೆಟ್ರೋ ಹಿಡಿದು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದೆವು. ಹತ್ತು ಗಂಟೆಗೆಲ್ಲ ತಾರಸಿ ಕಾದಿತ್ತು. ಈ ಕೆಲಸಕ್ಕೆ ಅದೇ ಬೇಕು. ಕ್ಯಾಮೆರಾ ಇಲ್ಲ, ಕರೆಂಟಿಲ್ಲ, ಬಿಸಿಲೇ ಎಲ್ಲ.

ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಅನ್ನೋ ಎರಡು ಪುಡಿಗಳನ್ನು ಬೇರೆ ಬೇರೆ ನೀರಲ್ಲಿ ಕರಗಿಸಿ, ಸಮಸಮ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಬ್ರಷ್‌ನಿಂದ ಬಳಿಯಬೇಕು. ಕತ್ತಲಲ್ಲೇ ಒಣಗಿಸಬೇಕು. ಮೆಟ್ಟಿಲ ಕೆಳಗಿನ ಸಾಮಾನು ಕೋಣೆ ನಮ್ಮ ಲ್ಯಾಬ್ ಆಯ್ತು. ಹೆಸರಲ್ಲಿ ಸಯನೈಡ್ ಕೇಳಿ ಒಬ್ಬ ಬಾಗಿಲ ಬಳಿಯೇ ನಿಂತ. ಆ ವಿಷ ಬೇರೆ, ಇದು ಬೇರೆ. ಆದರೂ ಗ್ಲೌಸ್ ಹಾಕಿ, ಅಡುಗೆ ಪಾತ್ರೆ ಮುಟ್ಟಬೇಡಿ. ಟಾಯ್ಲೆಟ್ ತೊಳೆಯೋ ಆಸಿಡ್ ಅಂತೂ ಹತ್ತಿರವೂ ಸುಳಿಯಬಾರದು.

ಒಣಗಿದ ಹಳದಿ-ಹಸಿರು ಕಾಗದದ ಮೇಲೆ ಎಲೆ, ಅದರ ಮೇಲೆ ಗಾಜು. ಆಮೇಲೆ ಬಿಸಿಲಿಗೆ ಹತ್ತು, ಹದಿನೈದು ನಿಮಿಷ. ನೋಡನೋಡುತ್ತಲೇ ಕಾಗದ ನೀಲಿಗೆ ತಿರುಗಿ, ಆಮೇಲೆ ಬೂದಿಬಣ್ಣವಾಗುತ್ತದೆ. ಹಾಳಾಯ್ತು ಅನ್ನಿಸುವ ಹೊತ್ತಿಗೆ ನೀರಿಗೆ ಹಾಕಬೇಕು. ಹಳದಿ ಕರಗಿ ಹೋಗಿ ನೀಲಿ ಮೇಲೇಳುತ್ತದೆ, ಎಲೆ ಇದ್ದ ಜಾಗ ಬೆಳ್ಳಗೆ ಉಳಿಯುತ್ತದೆ. ಏಳೂ ಜನ ಒಂದೇ ಟಬ್ಬಿಗೆ ಬಗ್ಗಿದ್ದೆವು. ಕೈಯೆಲ್ಲ ಒದ್ದೆ, ಹಾಗಾಗಿ ಆ ಕ್ಷಣದ ಒಂದೂ ಫೋಟೋ ಯಾರ ಹತ್ತಿರವೂ ಇಲ್ಲ!

ಸಂಪಿಗೆ ಎಲೆ ದಪ್ಪ, ಬರೀ ಬಿಳಿ ಆಕಾರ ಬಂತು. ಹೊಂಗೆ ಆಗಷ್ಟೇ ಚಿಗುರಿತ್ತು. ಎಳೆ ಎಲೆಯೊಳಗೆ ಬಿಸಿಲು ತೂರಿ ನರಗಳೂ ಮೂಡಿದವು. ದೊಡ್ಡಪತ್ರೆ ಗಾಜಿನಡಿ ಚಪ್ಪಟೆಯಾಗಿ ಕೂರಲೇ ಇಲ್ಲ, ಅಂಚೆಲ್ಲ ಮಸುಕು. ತಾರಸಿಯ ನಲ್ಲಿಯ ಬೋರ್ ನೀರಲ್ಲಿ ತೊಳೆದ ಪ್ರಿಂಟ್‌ಗಳು ಮಂಕಾದವು. ಕ್ಷಾರ ಹೆಚ್ಚಿರುವ ನೀರು ಈ ನೀಲಿಯನ್ನು ತಿನ್ನುತ್ತದೆ. ಆಮೇಲೆ ಕೆಳಗಿನ ಸಂಪಿನಿಂದ ಕಾವೇರಿ ನೀರು ಬಕೆಟ್ಟಿನಲ್ಲಿ ಹೊತ್ತೆವು. ಬೆಂಗಳೂರಲ್ಲಿ ಇದಕ್ಕೂ ಕಾವೇರಿಯೇ ಬೇಕು ನೋಡಿ.

ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಈ ವಿಧಾನ ಕಂಡುಹಿಡಿದ. ಮರುವರ್ಷವೇ ಅವನ ಕುಟುಂಬದ ಪರಿಚಯದ ಆನಾ ಆಟ್‌ಕಿನ್ಸ್ ಕಡಲ ಪಾಚಿಗಳನ್ನು ಹೀಗೇ ಕಾಗದದ ಮೇಲಿಟ್ಟು ಪುಸ್ತಕ ಹೊರತರಲು ಶುರು ಮಾಡಿದಳು. ಫೋಟೋಗಳಿರುವ ಮೊದಲ ಪುಸ್ತಕ ಅದೇ ಅಂತ ಈಗ ಹೇಳುತ್ತಾರೆ. ಎಲೆ ಕಾಗದವನ್ನು ಮುಟ್ಟಿಯೇ ಚಿತ್ರ ಆಗುವುದರಿಂದ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನನ್ನ ಫೋನಿನ ಸಾವಿರಾರು ಫೋಟೋಗಳಲ್ಲಿ ಒಂದಕ್ಕೂ ಈ ಗುಣ ಇಲ್ಲ.

ಅಜ್ಜಿ ಅಲ್ಲಿಯವರೆಗೆ ಮೆಟ್ಟಿಲ ನೆರಳಲ್ಲಿ ಕೂತು, "ಎಲೆ ಒಣಹಾಕೋಕೆ ಇಷ್ಟು ಗಲಾಟೇನೇನ್ರೋ?" ಅಂತಿದ್ದರು. ಮೊದಲ ಪ್ರಿಂಟ್ ನೀಲಿಯಾಗಿದ್ದು ನೋಡಿ ಸುಮ್ಮನೆ ಎದ್ದು ಕೆಳಗೆ ಹೋದರು. ಬರುವಾಗ ಕೈಯಲ್ಲಿ ಮಡಿಚಿದ ದೊಡ್ಡ ಕಾಗದ.

"ಇದೂ ಇದೇ ಬಣ್ಣ ಅಲ್ವೇನೇ?"

ಮನೆಯ ನಕ್ಷೆ. ಅವರ ಮಾವ 1938ರಲ್ಲಿ ಮನೆ ಕಟ್ಟಿಸುವಾಗ ಮಾಡಿಸಿದ್ದು. ಕಡುನೀಲಿ ಹಾಳೆ, ಬಿಳಿ ಗೆರೆಗಳು. ಪ್ರಾಜೆಕ್ಟ್ ಮೀಟಿಂಗ್‌ಗಳಲ್ಲಿ ದಿನಾ "ಬ್ಲೂಪ್ರಿಂಟ್, ಬ್ಲೂಪ್ರಿಂಟ್" ಅನ್ನುವ ನಾವು ನಿಜವಾದದ್ದನ್ನು ನೋಡಿದ್ದು ಅವತ್ತೇ. ಅದೂ ಸಯನೋಟೈಪೇ. ಎಲೆ ಬದಲು ತೆಳು ಹಾಳೆಯ ಮೇಲೆ ಬರೆದ ಗೆರೆಗಳು, ಅಷ್ಟೇ ವ್ಯತ್ಯಾಸ. ನಾವು ನಿಂತಿದ್ದ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿದೆವು. ಮುಚ್ಚಿಹೋದ ಬಾವಿ ಒಂದು ಬಿಳಿ ವೃತ್ತವಾಗಿ ಅಲ್ಲಿತ್ತು. ಅಜ್ಜಿ ಮದುವೆಯಾಗಿ ಬಂದಾಗ ಅದರಲ್ಲೇ ನೀರು ಸೇದುತ್ತಿದ್ದರಂತೆ. ಮರಗಳು ಮಾತ್ರ ನಕ್ಷೆಯಲ್ಲಿ ಒಂದೂ ಇರಲಿಲ್ಲ. ಅವೆಲ್ಲ ಆಮೇಲೆ ನೆಟ್ಟವು.

"ಅಜ್ಜಿ, ನೀವೂ ಒಂದು ಮಾಡಿ" ಅಂದೆವು. ಸಂಪಿಗೆ ಎಲೆ ಮುಂದಿಟ್ಟರೆ ಬೇಡ ಅಂದರು. "ಅದಕ್ಕೇನು, ರಸ್ತೆಗೇ ಹೆಸರಿದೆ. ಕರಿಬೇವನ್ನ ಯಾರು ನೆನಪಿಟ್ಕೋತಾರೆ? ಅರ್ಧ ರಸ್ತೆಯ ಒಗ್ಗರಣೆಗೆ ಇಲ್ಲಿಂದಲೇ ಹೋಗಿರೋದು." ತಾವೇ ಹೋಗಿ ಒಂದು ಎಸಳು ಕಿತ್ತು ತಂದು, ಒಂದೊಂದೇ ಎಲೆ ಬಿಡಿಸಿ ಹರಡಿ, ಗಾಜನ್ನು ಅಂಗೈಯಲ್ಲಿ ಒತ್ತಿ ಕೂತರು. ಹನ್ನೆರಡರ ಬಿಸಿಲು. ಛತ್ರಿ ಹಿಡಿಯಲು ಹೋದವಳಿಗೆ, "ದೂರ ಹಿಡ್ಕೊಳೇ, ಕಾಗದಕ್ಕೆ ನೆರಳು ಬೀಳುತ್ತೆ" ಅಂತ ಬೈದರು.

ಮಾಡಿ ನೋಡುವ ಆಸೆಯಿದ್ದರೆ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಳೆಗಾಲದ ಮೋಡದಲ್ಲಿ ತುಂಬ ಹೊತ್ತು ಕಾಯಬೇಕು, ಬೇಸಿಗೆಯಲ್ಲೇ ಮಾಡಿ. ಒಣಗಿದ ಮೇಲೂ ಒಂದು ದಿನದವರೆಗೆ ಬಣ್ಣ ಗಾಢವಾಗುತ್ತಲೇ ಇರುತ್ತದೆ. ಕಿಟಕಿಯ ಎದುರು ತೂಗುಹಾಕಿದರೆ ನೀಲಿ ಮಾಸುತ್ತದೆ, ಕತ್ತಲಲ್ಲಿ ಕೆಲವು ದಿನ ಇಟ್ಟರೆ ಬಹಳ ಮಟ್ಟಿಗೆ ಮರಳಿ ಬರುತ್ತದೆ.

ಇದನ್ನು ಹೇಳಿದಾಗ ಅಜ್ಜಿ ಆಶ್ಚರ್ಯಪಡಲಿಲ್ಲ. ಅವರ ನಕ್ಷೆ ಇಷ್ಟು ವರ್ಷವೂ ಟ್ರಂಕಿನಲ್ಲೇ ಇತ್ತಲ್ಲ. ಮಾರನೇ ದಿನ ಚೆನ್ನಾಗಿ ಒಣಗಿದ ಕರಿಬೇವಿನ ಪ್ರಿಂಟನ್ನು ಅದರ ಮಡಿಕೆಯೊಳಗೇ ಇಟ್ಟರಂತೆ. ಟ್ರಂಕು ಬಾಡಿಗೆ ಫ್ಲ್ಯಾಟಿಗೆ ಹೋಗುತ್ತದೆ. ಮಂಚದ ಕೆಳಗೆ ಹಿಡಿಯುತ್ತದಾ ಅಂತ ಗೆಳತಿ ಟೇಪ್ ಹಿಡಿದು ಅಳೆದು ಬಂದಿದ್ದಾಳೆ.