ರೆಕ್ಕೆಯ ಕುದುರೆ

ನಮ್ಮ ಕಂದಿಕೆರೆಯ ಕಡೆ ಹೆಣ್ಣುಮಕ್ಕಳ ಕೈಕೆಲಸವೆಂದರೆ ಕಸೂತಿ, ಮೆಹೆಂದಿ, ಟೈಲರಿಂಗ್ ಇಷ್ಟೇ. ನನ್ನ ತಂಗಿಯ ಮಗಳು ಹಿಡಿದುಕೊಂಡದ್ದು ಬೇರೆಯೇ ಒಂದು ಹುಚ್ಚು. ಬಿ.ಕಾಂ. ಓದುತ್ತಿರುವ ಈ ಹುಡುಗಿ ಹೆಬ್ಬೆರಳಿಗಿಂತ ಚಿಕ್ಕದಾದ ಬೊಂಬೆಗಳಿಗೆ ಬಣ್ಣ ಹಚ್ಚುತ್ತಾಳೆ. ಬೆಂಕಿಯುಗುಳುವ ಸರ್ಪ, ಕೊಡಲಿ ಹಿಡಿದ ಕುಳ್ಳ, ಗಡ್ಡದ ಮಂತ್ರವಾದಿ, ಹೀಗೆ ಎಲ್ಲವೂ ಕಥೆಯ ಲೋಕದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳ ಅಣ್ಣ ಒಮ್ಮೆ ರಜೆಗೆ ಬಂದಾಗ ಬಣ್ಣವಿಲ್ಲದ ಬೂದು ಪ್ಲಾಸ್ಟಿಕ್ಕಿನ ಐದಾರು ಬೊಂಬೆ ತಂದುಕೊಟ್ಟ. ಶುರುವಾದದ್ದು ಹಾಗೆ.

ಮೇಜಿನ ಮೇಲೆ ಸೈನ್ಯ ಹೂಡಿ ಆಡುವ ಆಟಕ್ಕಾಗಿ ಹುಟ್ಟಿದ ಬೊಂಬೆಗಳಿವು. ಸುಮಾರು ಮೂರು ಸೆಂಟಿಮೀಟರ್ ಎತ್ತರ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪೆನಿ ಇವುಗಳಿಗೆ ಬಣ್ಣ ಹಚ್ಚುವುದಕ್ಕೆಂದೇ 1987ರಲ್ಲಿ ಒಂದು ಸ್ಪರ್ಧೆ ಆರಂಭಿಸಿತು. ಎಲ್ಲರಿಗಿಂತ ಚೆನ್ನಾಗಿ ಹಚ್ಚಿದವರಿಗೆ ಬಹುಮಾನವಾಗಿ ಕೊಡುವುದು ಒಂದು ದೊಡ್ಡ ಕತ್ತಿ! ಸ್ಪರ್ಧೆಯ ಹೆಸರು ಗೋಲ್ಡನ್ ಡೀಮನ್, ಅಂದರೆ ಚಿನ್ನದ ಪಿಶಾಚಿ. ಇದನ್ನು ಕೇಳಿ ಅವಳ ದಾದಿ "ತೌಬಾ, ತೌಬಾ" ಎಂದು ಕೆನ್ನೆ ತಟ್ಟಿಕೊಂಡರು. ನಮ್ಮ ಹುಡುಗಿ ಸೇರಬೇಕೆಂದಿದ್ದ ಸ್ಪರ್ಧೆ ಅಂಥ ದೊಡ್ಡದಲ್ಲ. ಬೆಂಗಳೂರಿನ ಒಂದು ಅಂಗಡಿಯವರು ನಡೆಸುವಂಥದ್ದು, ಬೊಂಬೆಯ ಫೋಟೊಗಳನ್ನು ಕಳುಹಿಸಿದರೆ ಸಾಕು.

ಅವಳು ಕೆಲಸ ಮಾಡುವುದನ್ನು ನೋಡಲೆಂದೇ ನಾನು ಎಷ್ಟೋ ಸಂಜೆ ಆ ಮನೆಯಲ್ಲಿ ಕುಳಿತಿದ್ದೇನೆ. ಮೊದಲು ಬೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆಯಬೇಕು, ಜಿಡ್ಡಿದ್ದರೆ ಬಣ್ಣ ನಿಲ್ಲುವುದಿಲ್ಲ. ಆಮೇಲೆ ತಳಬಣ್ಣ. ಅದು ಒಣಗಿದ ಮೇಲೆ ನಿಜವಾದ ಕೆಲಸ. ಬಣ್ಣವನ್ನು ಡಬ್ಬಿಯಿಂದ ತೆಗೆದ ಹಾಗೇ ಹಚ್ಚಿದರೆ ಕಣ್ಣು, ಮೂಗು ಎಲ್ಲ ಮುಚ್ಚಿಹೋಗುತ್ತದೆ. ಹಾಲಿನ ಹದಕ್ಕೆ ತೆಳು ಮಾಡಿ ಎರಡು ಮೂರು ಸಲ ಹಚ್ಚಬೇಕು. ಬಣ್ಣ ಬೇಗ ಒಣಗಬಾರದೆಂದು ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಅದರ ಮೇಲೆ ನಾವು ಕೇಕಿನ ತಟ್ಟೆಗೆ ಹಾಸುವ ಕಾಗದ ಹಾಸಿಕೊಂಡಿದ್ದಾಳೆ. ಅದೇ ಅವಳ ಬಣ್ಣದ ತಟ್ಟೆ. ಮಡಿಕೆಗಳಿಗೆ ನೀರಾದ ಕಪ್ಪು ಕಂದು ಬಣ್ಣ ಬಿಟ್ಟರೆ ಅದು ತಾನೇ ಹರಿದು ಹಳ್ಳಗಳಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಪುಡಿಯಂಥ ಬಿಳಿಯನ್ನು ಮೇಲಿಂದ ಮೇಲೆ ಸವರಿದರೆ ಗರಿಗಳು ಒಂದೊಂದೇ ಎದ್ದು ಕಾಣುತ್ತವೆ. ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿಯುತ್ತಾಳೆ. ನಾವೂ ಹಿಡಿಯುತ್ತೇವೆ.

ಅವಳ ದಾದಿಗೆ ಇದರ ಬೆಲೆ ನಮಗಿಂತ ಮೊದಲೇ ತಿಳಿಯಿತು. ನಮ್ಮ ತಿಪಟೂರು ಸೀಮೆಯಲ್ಲಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುವಾಗ ಸುಲಿದು, ಚಿಪ್ಪನ್ನು ಮಾತ್ರ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಏಟು ಸ್ವಲ್ಪ ಜಾಸ್ತಿಯಾದರೆ ಉಂಡೆ ಸೀಳಿ ಬೆಲೆ ಬೀಳುತ್ತದೆ. ನಲವತ್ತು ವರ್ಷ ಆ ಕೆಲಸ ಮಾಡಿದ ಮುದುಕಿ ಮೊಮ್ಮಗಳ ಕೈಯನ್ನೇ ನೋಡುತ್ತಾ "ಇವಳದು ನನ್ನ ಕೈ" ಎಂದರು.

ತೊಡಕು ಬಂದದ್ದು ಬಡೇ ಅಬ್ಬಾರಿಂದ, ಅಂದರೆ ಹುಡುಗಿಯ ತಂದೆಯ ಅಣ್ಣನಿಂದ. ಅವಳ ತಂದೆ ತೀರಿಕೊಂಡ ಮೇಲೆ ಮನೆಯ ಹಿರಿಯರು ಅವರೇ, ಕಾಲೇಜಿನ ಫೀಸು ಕಟ್ಟುವವರೂ ಅವರೇ. ಕೆಟ್ಟವರಲ್ಲ, ಅಲ್ಲಾಹನ ಭಯವಿರುವ ಮನುಷ್ಯ. ಸ್ಪರ್ಧೆಗೆಂದು ಅವಳು ಆರಿಸಿಕೊಂಡ ರೆಕ್ಕೆಯ ಕುದುರೆಯನ್ನು ನೋಡಿ, "ಜೀವ ಇರುವುದರ ರೂಪ ಮಾಡುವುದು ಹರಾಮ್. ಇದು ಈ ಮನೆಯಲ್ಲಿ ಬೇಡ" ಎಂದುಬಿಟ್ಟರು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಂಗಿಗೆ ಇನ್ನೊಂದು ಭಯ. ಬಣ್ಣದ ಜಗಳ ಹೋಗಿ ಓದಿನ ಜಗಳವಾದರೆ? ಕೊನೆಗೆ ಅವರೇ ನನ್ನನ್ನು ಕರೆಸಿ, "ಆಪಾ, ನೀವು ಮದ್ರಸದಲ್ಲಿ ಓದಿದವರು, ಬಿ.ಎ. ಕೂಡ ಮಾಡಿದವರು. ನೀವೇ ಹೇಳಿ" ಎಂದರು.

ಸಹೋದರಿಯರೇ, ಇಂಥ ಜಾಗದಲ್ಲಿ ಕೂರುವುದು ಸುಲಭವಲ್ಲ. ನಮ್ಮ ಹುಡುಗಿಯ ಪರವಾಗಿರುವುದನ್ನಷ್ಟೇ ಆರಿಸಿ ಹೇಳಿದರೆ ಅದು ಇಲ್ಮ್‌ಗೆ ಮಾಡುವ ದ್ರೋಹ. ಆದ್ದರಿಂದ ಎರಡನ್ನೂ ಹೇಳಿದೆ. ರೂಪಗಳನ್ನು ಮಾಡುವವರಿಗೆ ಅಂತ್ಯದಿನದಂದು ಅವುಗಳಿಗೆ ಜೀವ ಕೊಡಿರೆಂದು ಹೇಳಲಾಗುವುದು ಎಂಬ ಎಚ್ಚರಿಕೆ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ. ಚಿತ್ರ ಮಾಡಿಯೇ ಬದುಕುವವನೊಬ್ಬನಿಗೆ ಇಬ್ನು ಅಬ್ಬಾಸ್(ರ)ರು, ಮಾಡಲೇಬೇಕಾದರೆ ಮರವನ್ನೂ ಜೀವವಿಲ್ಲದ್ದನ್ನೂ ಮಾಡೆಂದು ತಿಳಿಹೇಳಿದ್ದೂ ಇದೆ.

ಅಬೂದಾವೂದ್‌ನಲ್ಲಿ ಇನ್ನೊಂದು ವರದಿಯಿದೆ. ಪ್ರವಾದಿ(ಸ)ರು ಒಂದು ದಂಡಯಾತ್ರೆಯಿಂದ ಮರಳಿದಾಗ ಗಾಳಿಗೆ ಗೂಡಿನ ಪರದೆ ಸರಿದು ಹಝ್ರತ್ ಆಯಿಶಾ(ರ)ರ ಬೊಂಬೆಗಳು ಕಾಣಿಸಿದವು. ಅವುಗಳ ನಡುವೆ ಒಂದು ಕುದುರೆ, ಅದಕ್ಕೆ ಚಿಂದಿಯ ಎರಡು ರೆಕ್ಕೆ. ಕುದುರೆಗೂ ರೆಕ್ಕೆಯೇ ಎಂದು ಪ್ರವಾದಿ(ಸ)ರು ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ತಾವು ಕೇಳಿಲ್ಲವೇ ಎಂದು ಆಯಿಶಾ(ರ)ರು ಮರುಪ್ರಶ್ನೆ ಹಾಕಿದಾಗ, ದವಡೆಹಲ್ಲು ಕಾಣುವಷ್ಟು ನಕ್ಕುಬಿಟ್ಟರಂತೆ.

ಬಡೇ ಅಬ್ಬಾ ಬುದ್ಧಿವಂತರು. "ಆಯಿಶಾ(ರ) ಆಗ ಚಿಕ್ಕವರು. ಇವಳಿಗೆ ಹತ್ತೊಂಬತ್ತು" ಎಂದರು. ಬೊಂಬೆಯ ವಿನಾಯಿತಿ ಚಿಕ್ಕ ಹುಡುಗಿಯರಿಗೆ ಮಾತ್ರ ಎಂದ ವಿದ್ವಾಂಸರಿರುವುದು ನಿಜವೆಂದು ಒಪ್ಪಿಕೊಂಡೆ. ಪೂಜೆಗೂ ಗೌರವಕ್ಕೂ ಮಾಡುವ ಮೂರ್ತಿಗಳಿಗಷ್ಟೇ ಆ ನಿಷೇಧ ಎಂದು ವಿವರಿಸಿದವರೂ ಇದ್ದಾರೆಂದು ಹೇಳಿದೆ. ಬೊಂಬೆಯನ್ನು ಎರಕ ಹೊಯ್ದದ್ದು ಯಾವುದೋ ಕಾರ್ಖಾನೆ, ಇವಳದು ಬಣ್ಣ ಮಾತ್ರ ಎಂಬ ವಾದವನ್ನು ತಂಗಿ ಮುಂದಿಟ್ಟಳು. ಅದು ನನಗೆ ಅಷ್ಟೇನೂ ಗಟ್ಟಿ ಎನಿಸಲಿಲ್ಲ.

ಬಿ.ಎ.ಯ ಇತಿಹಾಸವೂ ನೆರವಿಗೆ ಬಂತು. ನಮ್ಮ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ 1570ರಲ್ಲಿ ಸಿದ್ಧವಾದ ನುಜೂಮುಲ್ ಉಲೂಮ್ ಎಂಬ ಸಚಿತ್ರ ಗ್ರಂಥ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಂಥ ಪುಟ್ಟ ಚಿತ್ರಗಳನ್ನು ಬರೆಯುತ್ತಿದ್ದವರು ಅಳಿಲಿನ ಬಾಲದ ಕೂದಲಿನ ಕುಂಚ ಬಳಸುತ್ತಿದ್ದರು. ಆದರೆ ಸುಲ್ತಾನರು ಮಾಡಿಸಿದ್ದೆಲ್ಲ ಶರೀಅತ್ ಆಗುವುದಿಲ್ಲ ಎಂದು ಬಡೇ ಅಬ್ಬಾ ಅಂದರು. ಅದೂ ಸರಿಯೇ.

ಅಷ್ಟು ಹೊತ್ತೂ ಸುಮ್ಮನಿದ್ದ ದಾದಿ ಆಗ ಬಾಯಿ ತೆರೆದರು. "ನೀನು ಮೂರು ವರ್ಷದವನಿದ್ದಾಗ ನಿಮ್ಮಪ್ಪ ಚನ್ನಪಟ್ಟಣದಿಂದ ಮರದ ಕುದುರೆ ತಂದಿದ್ದರು. ಅದನ್ನು ಬಿಟ್ಟು ನಿದ್ದೆ ಮಾಡುತ್ತಿರಲಿಲ್ಲ ನೀನು. ಅದನ್ನು ಮಾಡಿ ಅರಗಿನ ಬಣ್ಣ ಕೊಟ್ಟವರೂ ನಮ್ಮವರೇ, ನಮಾಝಿನವರೇ." ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಬೊಂಬೆ ಮಾಡುವ ಮುಸ್ಲಿಮ್ ಮನೆಗಳು ಎಷ್ಟೋ ಇವೆ, ಹೆಂಗಸರೂ ಆ ಕೆಲಸದಲ್ಲಿದ್ದಾರೆ. ದಾದಿಯ ಮಾತಿಗೆ ಬಡೇ ಅಬ್ಬಾ ಉತ್ತರ ಕೊಡಲಿಲ್ಲ. ಅಸರ್‌ಗೆ ಹೊತ್ತಾಯಿತೆಂದು ಎದ್ದುಹೋದರು.

ಮೂರು ದಿನ ಬಿಟ್ಟು ತಮ್ಮ ತೀರ್ಮಾನ ತಿಳಿಸಿದರು. ತಮ್ಮ ಅಭಿಪ್ರಾಯ ಬದಲಾಗಿಲ್ಲ. ಆದರೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿರುವ ಕಡೆ ತಾವು ಬಲವಂತ ಮಾಡುವುದಿಲ್ಲ. ನಮಾಝ್ ಮಾಡುವ ಕೋಣೆಯಲ್ಲಿ ಬೊಂಬೆ ಇಡಬಾರದು, ಶೋಕೇಸಿನಲ್ಲೂ ಬೇಡ, ಡಬ್ಬಿಯಲ್ಲಿರಲಿ. ಬಣ್ಣದ ಖರ್ಚು ಅವಳದೇ. ಫೀಸು ಮಾತ್ರ ಬೇರೆ ವಿಷಯ, ಅದರ ಮಾತೇ ಎತ್ತಬೇಡಿ. ಹುಡುಗಿ ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಬ್ರಷ್ಷು ತರಿಸಿಕೊಂಡಳು.

ಕುದುರೆ ಸ್ಪರ್ಧೆಗೆ ಹೋಯಿತು. ಬಹುಮಾನ ಬರಲಿಲ್ಲ. ರೆಕ್ಕೆಯ ಕೆಲಸ ಚೆನ್ನಾಗಿದೆ, ಆದರೆ ಬೆಳಕು ಎರಡು ಕಡೆಯಿಂದ ಬಿದ್ದಂತಿದೆ, ಕೆಳಗಿನ ಪೀಠವೂ ಬರಿದಾಗಿದೆ ಎಂದು ತೀರ್ಪುಗಾರರು ಬರೆದು ಕಳುಹಿಸಿದ್ದರು. ಅವಳು ಅದನ್ನು ಓದಿ ಅಳಲಿಲ್ಲ. ಎಡಗಡೆಯ ರೆಕ್ಕೆಯ ಬಣ್ಣ ತೆಗೆದು ಮತ್ತೆ ಹಚ್ಚಲು ಕುಳಿತಳು.

ಪೀಠದ ವಿಷಯ ಬಡೇ ಅಬ್ಬಾರ ಕಿವಿಗೂ ಬಿದ್ದಿತ್ತು. ಒಂದು ಸಂಜೆ ಒಳ್ಳೆಯ ತೆಂಗಿನ ಚಿಪ್ಪೊಂದನ್ನು ಆರಿಸಿ, ಗಾಜಿನ ಕಾಗದದಿಂದ ತಾವೇ ಉಜ್ಜಿ ನುಣುಪು ಮಾಡಿ ತಂದು ಅವಳ ಮುಂದಿಟ್ಟರು. "ಇದಕ್ಕೆ ಜೀವವಿಲ್ಲ. ಇದರ ಮೇಲೆ ಏನು ಬೇಕಾದರೂ ಹಚ್ಚಿಕೋ" ಎಂದು ಹೇಳಿ, ಕುದುರೆಯ ಕಡೆ ನೋಡದೆ ಹೊರಗೆ ಹೋದರು.