ಕೇಳದೇ ಕೈ ಹಾಕಬಹುದಾದ ತಟ್ಟೆ

1/6

ಪಾರ್ಟಿ ಅಂದ ತಕ್ಷಣ ನಮ್ಮ ಕಡೆ ಬರೋ ಮೊದಲ ಪ್ರಶ್ನೆ ಒಂದೇ. ವೆಜ್ಜಾ, ನಾನ್‌ವೆಜ್ಜಾ?

ಆಮೇಲೆ ಎರಡು ಟೇಬಲ್, ಎರಡು ಸಾಲು, ಎರಡು ಗುಂಪು. ಒಂದು ಕಡೆ ಬಿರಿಯಾನಿ, ಇನ್ನೊಂದು ಕಡೆ ಪಲಾವ್. ಯಾರು ಯಾವ ಸಾಲಲ್ಲಿ ನಿಂತರು ಅಂತ ನೋಡಿ, ಯಾರು ಯಾವ ಜನ ಅಂತ ಲೆಕ್ಕ ಹಾಕೋರೂ ಇದ್ದಾರೆ. ನೋಡಿಲ್ಲ ಅನ್ನಬೇಡಿ, ನಾವೆಲ್ಲ ನೋಡಿದೀವಿ.

ಈ ಸಲ ನಮ್ಮ ಕ್ಲಾಸಿನ ಸಂಕ್ರಾಂತಿ ಪಾರ್ಟಿಗೆ ನಾವು ಪ್ರಶ್ನೆಯನ್ನೇ ಬದಲಾಯಿಸಿದ್ವಿ. 80 ಜನರಲ್ಲಿ ಯಾರೇ ಬಂದರೂ "ಇದರಲ್ಲಿ ಏನು ಹಾಕಿದೀರ?" ಅಂತ ಕೇಳದೇ ಕೈ ಹಾಕಿ ತಿನ್ನೋ ಹಾಗಿರಬೇಕು. ಅಂಥದ್ದು ಏನಿದೆ?

ಉತ್ತರ ಹುಡುಕ್ತಾ ಹೋದ ಹಾಗೆ ಮಾಂಸ, ಮೊಟ್ಟೆ, ಹಾಲು, ಮೊಸರು, ತುಪ್ಪ, ಈರುಳ್ಳಿ, ಬೆಳ್ಳುಳ್ಳಿ ಒಂದೊಂದಾಗಿ ಪಟ್ಟಿಯಿಂದ ಬಿದ್ದುಹೋದವು. ಉಳಿದದ್ದು ಬೇಳೆ, ಕಾಳು, ಸೊಪ್ಪು, ತೆಂಗಿನಕಾಯಿ, ರಾಗಿ, ಎಳ್ಳು, ಬೆಲ್ಲ. ರೀಲ್ಸಲ್ಲಿ ಇದಕ್ಕೆ ಪ್ಲಾಂಟ್ ಬೇಸ್ಡ್, ವೇಗನ್ ಅಂತ ದೊಡ್ಡ ಹೆಸರು. ನಮ್ಮ ಅಡುಗೆಮನೆಗಳಲ್ಲಿ ಅದಕ್ಕೆ ಹೆಸರೇ ಇಲ್ಲ, ಯಾಕಂದ್ರೆ ಅದು ದಿನಾ ಮಾಡೋದು.

ಮೊದಲೇ ಹೇಳಿಬಿಡ್ತೀನಿ, ಇದು ಮಾಂಸ ಬಿಡಿ ಅನ್ನೋ ಪೋಸ್ಟ್ ಅಲ್ಲ. ನಮ್ಮನೇಲಿ ಭಾನುವಾರ ನಾಟಿಕೋಳಿ ಸಾರು, ಮುದ್ದೆ ಆಗ್ಲೇಬೇಕು. ಇದು 80 ಜನಕ್ಕೆ ಒಂದೇ ತಟ್ಟೆ ಮಾಡೋದು ಹೇಗೆ ಅನ್ನೋದರ ಬಗ್ಗೆ. ಅಳತೆ, ಟೈಮಿಂಗ್, ಖರ್ಚು ಎಲ್ಲ ಇದೆ. ಸೇವ್ ಮಾಡ್ಕೊಳಿ.

2/6

ಯಾಕೆ ಬದಲಾಯಿಸಿದ್ವಿ ಅಂತ ಹೇಳ್ತೀನಿ.

ನಮ್ಮ ಕ್ಲಾಸಲ್ಲಿ ಒಬ್ಬಳು ಮೂರು ವರ್ಷದಿಂದ ಪ್ರತಿ ಪಾರ್ಟಿಗೂ ತನ್ನ ಡಬ್ಬಿ ತಾನೇ ತರ್ತಾಳೆ. ಹೆಸರು ಬೇಡ ಅಂದಿದ್ದಾಳೆ, ಹಾಕಲ್ಲ. ಅವಳಿಗೆ ಹಾಲು ಆಗಲ್ಲ. "ಆಗಲ್ಲ" ಅಂದ್ರೆ ಹೊಟ್ಟೆ ಉಬ್ಬರ ಅಲ್ಲ, ಅಲರ್ಜಿ.

ಇವೆರಡೂ ಬೇರೆ ಬೇರೆ, ದಯವಿಟ್ಟು ತಿಳ್ಕೊಳಿ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣ ಆಗದೇ ಇದ್ದರೆ ಹೊಟ್ಟೆನೋವು, ಗ್ಯಾಸ್, ಭೇದಿ ಆಗುತ್ತೆ. ಕಷ್ಟ ಹೌದು, ಆದರೆ ಜೀವಕ್ಕೆ ಅಪಾಯ ಇಲ್ಲ. ಅಲರ್ಜಿ ಅಂದರೆ ಹಾಲಿನ ಪ್ರೋಟೀನನ್ನು ದೇಹ ಶತ್ರು ಅಂತ ತಿಳಿದು ಯುದ್ಧಕ್ಕೆ ಇಳಿಯುತ್ತೆ. ಮೈಯೆಲ್ಲ ದದ್ದು, ತುಟಿ ಊದೋದು, ಕೆಲವರಿಗೆ ಉಸಿರೇ ಕಟ್ಟೋದು. ಒಂದು ಚಮಚ ಕೂಡ ಬೇಕಾಗಿಲ್ಲ, ಒಂದು ಚೂರು ಸಾಕು. ತುಪ್ಪ ಕಾಯಿಸಿದ್ದಲ್ವಾ ಅಂತೀವಿ, ಅದರಲ್ಲೂ ಹಾಲಿನ ಪ್ರೋಟೀನಿನ ಅಂಶ ಉಳಿದಿರುತ್ತೆ.

ಫಸ್ಟ್ ಇಯರಲ್ಲಿ ಹೊರಗಿಂದ ತರಿಸಿದ ಒಂದು ತಿಂಡಿ. "ಹಾಲು ಇಲ್ಲ ಕಣಮ್ಮಾ" ಅಂತ ಅಂಗಡಿಯವರು ಹೇಳಿದ್ದರು. ಇತ್ತು. ಆ ಸಂಜೆ ಅವಳು ಆಸ್ಪತ್ರೆಯಲ್ಲಿದ್ದಳು. ಅವತ್ತಿಂದ ಡಬ್ಬಿ.

ಡಬ್ಬಿ ತರೋದು ಅವಳಿಗೆ ಅಭ್ಯಾಸ ಆಗಿತ್ತು. ನೋಡೋದು ನಮಗೂ ಅಭ್ಯಾಸ ಆಗಿತ್ತು. ಎಲ್ಲರೂ ತಟ್ಟೆ ಸುತ್ತ ನಿಂತು ಕಿತ್ತಾಡಿಕೊಂಡು ತಿಂತಿದ್ರೆ ಅವಳು ಕಿಟಕಿ ಪಕ್ಕದ ಬೆಂಚಲ್ಲಿ ಚಮಚ ಹಿಡ್ಕೊಂಡು ಕೂತಿರ್ತಿದ್ದಳು. ಫೋಟೋದಲ್ಲಿ ಎಲ್ಲರ ಕೈಲೂ ಒಂದೇ ತಿಂಡಿ, ಅವಳ ಕೈಲಿ ಮಾತ್ರ ಡಬ್ಬಿ.

"ನಿಂಗೆ ಸ್ಪೆಷಲ್ ಆಗಿ ಒಂದು ಪ್ಲೇಟ್ ಮಾಡಿಸ್ತೀವಿ ಕಣೆ" ಅಂದ್ವಿ. ಅವಳು ಹೇಳಿದ್ದು ಇಷ್ಟೇ: "ಸ್ಪೆಷಲ್ ಪ್ಲೇಟು ಅಂದ್ರೂ ಅದೂ ಡಬ್ಬಿನೇ ತಾನೆ?"

ಅಲ್ಲಿಗೆ ನಿರ್ಧಾರ ಆಯ್ತು. ಬೇರೆ ತಟ್ಟೆ ಇಲ್ಲ. ಇರೋದೇ ಒಂದು.

3/6

ಈಗ ತಿಂಡಿ ಆರಿಸೋ ಕಥೆ.

ಕ್ಲಾಸ್ ಗ್ರೂಪಲ್ಲಿ ಒಂದೇ ಪ್ರಶ್ನೆ ಹಾಕಿದ್ವಿ: "ನೀವು ಏನು ತಿನ್ನಬಾರದು? ಕಾರಣ ಬೇಡ, ಪದಾರ್ಥ ಸಾಕು." ಕಾರಣ ಕೇಳದೇ ಇದ್ದಿದ್ದಕ್ಕೇ ಅಷ್ಟು ಉತ್ತರ ಬಂತು. ಇಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಒಬ್ಬನಿಗೆ ಬದನೆಕಾಯಿ ತಿಂದ್ರೆ ತುರಿಕೆ. ಮೂವರು ಶುಕ್ರವಾರ ಮಾಂಸ, ಮೊಟ್ಟೆ ಮುಟ್ಟಲ್ಲ. ಮುಸ್ಲಿಂ ಫ್ರೆಂಡ್ಸಿಗೆ ಮಾಂಸ ಹಲಾಲಾ ಅಂತ ಕೇಳಬೇಕಾಗುತ್ತೆ. ಶೇಂಗಾ, ಎಳ್ಳು ಯಾರಿಗೂ ತೊಂದರೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ, ಅವೂ ಕೆಲವರಿಗೆ ಜೋರು ಅಲರ್ಜಿ ಕೊಡೋ ಪದಾರ್ಥಗಳು.

ಪಫ್ ಬೇಡ, ಬೆಣ್ಣೆ ಇರಬಹುದು. ಸಮೋಸ ಬೇಡ, ಅದೇ ಎಣ್ಣೇಲಿ ಪನ್ನೀರ್ ಕರಿದಿರ್ತಾರೆ. ಸ್ಯಾಂಡ್‌ವಿಚ್ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುತ್ತೆ.

ಚನ್ನಪಟ್ಟಣದಿಂದ ದಿನಾ ರೈಲಲ್ಲಿ ಬರೋಳು "ಮದ್ದೂರು ವಡೆ ಮಾಡೋಣ" ಅಂದಳು. ಒಳ್ಳೆ ಐಡಿಯಾನೇ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅನ್ನೋರು ಶುರು ಮಾಡಿದ್ದು ಅಂತ ಹೇಳ್ತಾರೆ. ರೈಲು ಹೊರಡೋಷ್ಟರಲ್ಲಿ ಕೈಗೆ ಕೊಡಬೇಕು, ತಟ್ಟೆ ಚಮಚ ಬೇಡ, ಊರು ಮುಟ್ಟೋವರೆಗೂ ಕೆಡಬಾರದು. ಗುಂಪಿಗೆ ಕೈತಿಂಡಿ ಅಂದ್ರೆ ಏನು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಆದರೆ ಈರುಳ್ಳಿ ಇಲ್ಲದ ಮದ್ದೂರು ವಡೆ ಮದ್ದೂರು ವಡೆಯೇ ಅಲ್ಲ. ಜೊತೆಗೆ ಕರಿಯೋದು ಅಂದ್ರೆ ಒಬ್ಬರು ಬಾಣಲೆ ಮುಂದೆ ಪಾರ್ಟಿ ಮುಗಿಯೋವರೆಗೂ ಬೇಯಬೇಕು.

ಆಗ ಮಾಗಡಿ ಹುಡುಗನ ಅವ್ವ ಫೋನಲ್ಲೇ ತೀರ್ಮಾನ ಕೊಟ್ಟರು: "ಕರಿಯೋದೆಲ್ಲಾ ಬುಡವ್ವ. ನುಚ್ಚಿನುಂಡೆ ಮಾಡ್ಕೊಳಿ. ಹಬೇಲಿ ಬೇಯ್ತದೆ, ನೀವು ಸುಮ್ಕೆ ಕೂತ್ಕೊಬೋದು. ಅವರೆಕಾಯಿ ಕಾಲ, ನಾನು ಕಾಯಿ ಕಳುಸ್ತೀನಿ."

ನುಚ್ಚಿನುಂಡೆ! ಹಾಲಿಲ್ಲ, ಮೊಟ್ಟೆ ಇಲ್ಲ, ಈರುಳ್ಳಿ ಹಾಕದಿದ್ದರೂ ರುಚಿ ಕೆಡಲ್ಲ, ಆರಿದರೂ ಮೆತ್ತಗೇ ಇರುತ್ತೆ, ಕೈಲಿ ಹಿಡಿದರೆ ಉದುರಲ್ಲ. ಎಲ್ಲ ಕಾಲಂ ಟಿಕ್.

4/6

ನಮ್ಮ ಜಿಲ್ಲೆ ಹೆಸರು ಈಗ ಬೆಂಗಳೂರು ದಕ್ಷಿಣ ಆಗಿದೆ, ಬಾಯಲ್ಲಿ ಇನ್ನೂ ರಾಮನಗರವೇ ಬರೋದು. ಹೆಸರು ಏನೇ ಇರಲಿ, ನಾಲ್ಕು ಊರೂ ಈ ತಟ್ಟೆಗೆ ಬಂದವು. ಮಾಗಡಿಯಿಂದ ಸೊಗಡಿನ ಅವರೆಕಾಯಿ, ಚನ್ನಪಟ್ಟಣದ ತೋಟದ ತೆಂಗಿನಕಾಯಿ, ಕನಕಪುರದ ಮನೆಯಿಂದ ರಾಗಿ ಹುರಿಹಿಟ್ಟು. ರಾಮನಗರದ್ದು ನಮ್ಮನೆ ಒಲೆ. ರೇಷ್ಮೆಗೂಡಿನ ಮಾರ್ಕೆಟ್‌ಗೆ ಹತ್ತಿರ, ಬೆಳಗ್ಗೆ ನಾಲ್ಕಕ್ಕೇ ರಸ್ತೆ ಎಚ್ಚರ ಆಗಿರುತ್ತೆ, ನಾವು ಗಲಾಟೆ ಮಾಡಿದರೂ ಬೈಯೋರಿಲ್ಲ.

80 ಜನ, ತಲೆಗೆ 3, ಒಟ್ಟು 240 ಉಂಡೆ. ಅಳತೆ ಬರ್ಕೊಳಿ:

ತೊಗರಿಬೇಳೆ 2 ಕೆಜಿ
ಕಡಲೆಬೇಳೆ 1 ಕೆಜಿ
ಅವರೆಕಾಯಿ 6 ಕೆಜಿ (ಬಿಡಿಸಿ, ಹಿತಕಿದ ಮೇಲೆ ಒಂದೂವರೆ ಕೆಜಿ ಆಸುಪಾಸು ಬೇಳೆ ಸಿಗುತ್ತೆ)
ತೆಂಗಿನಕಾಯಿ 4 (ಚಟ್ನಿಗೆ ಬೇರೆ 6)
ಸಬ್ಬಸಿಗೆ ಸೊಪ್ಪು 8 ಕಟ್ಟು
ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಜೀರಿಗೆ, ಉಪ್ಪು

ಹಿಂದಿನ ಸಂಜೆ ಕಾಯಿ ಬಿಡಿಸಿ ಕಾಳು ನೀರಿಗೆ ಹಾಕಿದ್ವಿ. ಬೆಳಗ್ಗೆ ಹಿತಕೋದು. ಹೆಬ್ಬೆರಳು, ತೋರುಬೆರಳ ಮಧ್ಯೆ ಒತ್ತಿದರೆ ಬೇಳೆ ಪುಸಕ್ ಅಂತ ಹಾರುತ್ತೆ. ಏಳು ಜನ ಕೂತ್ವಿ. ಅರ್ಧ ಗೋಡೆಗೆ, ಅರ್ಧ ಪಾತ್ರೆಗೆ. ಹಿತಕಿದ ಬೇಳೆಯನ್ನ ಒಂದು ಕುದಿ ಬೇಯಿಸಿ ನೀರು ಬಸಿದು ಇಟ್ವಿ.

ಬೇಳೆಗಳನ್ನ ಎರಡೂವರೆ ಗಂಟೆ ಮಾತ್ರ ನೆನೆಸಬೇಕು. ರಾತ್ರಿಯೆಲ್ಲ ನೆನೆದರೆ ರುಬ್ಬುವಾಗ ನುಣ್ಣಗಾಗಿ ಉಂಡೆ ಗಟ್ಟಿ ಬರುತ್ತೆ. ನೀರು ಪೂರ್ತಿ ಬಸೀಬೇಕು. ರುಬ್ಬುವಾಗ ಒಂದು ಹನಿಯೂ ನೀರು ಹಾಕಬಾರದು. ಮಿಕ್ಸೀಲಿ ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಹೆಸರಲ್ಲೇ ಇದೆಯಲ್ಲ, ನುಚ್ಚು ನುಚ್ಚಾಗಿರಬೇಕು. ಹಿಟ್ಟು ಆಗಬಾರದು.

ಸೊಪ್ಪು, ತುರಿ, ಅವರೆಬೇಳೆ, ಜಜ್ಜಿದ ಮೆಣಸಿನಕಾಯಿ ಶುಂಠಿ, ಉಪ್ಪು ಎಲ್ಲ ಸೇರಿಸಿ ಕಲಸಿ, ಮುಷ್ಟೀಲಿ ಒತ್ತಿ ಉದ್ದುದ್ದ ಉಂಡೆ ಮಾಡಿ. ಬೆರಳಿನ ಗುರುತು ಬಿದ್ದರೆ ಚೆಂದ. ಎಣ್ಣೆ ಸವರಿದ ಇಡ್ಲಿ ತಟ್ಟೇಲಿ 15 ನಿಮಿಷ ಹಬೆ. ಮುಟ್ಟಿದರೆ ಕೈಗೆ ಅಂಟಬಾರದು, ಆಗ ಬೆಂದಿದೆ ಅಂತ.

ಪರಿಚಯದವರ ಹೋಟೆಲಿನಿಂದ ದೊಡ್ಡ ಇಡ್ಲಿ ಪಾತ್ರೆ ತಂದಿದ್ವಿ. ಸೋಪು ಹಾಕಿ ಎರಡು ಸಲ ತೊಳೆದು, ಬಿಸಿನೀರು ಸುರಿದ ಮೇಲೇ ಒಲೆಗೆ ಇಟ್ಟಿದ್ದು. ಯಾಕೆ ಅನ್ನೋದು ಮುಂದಿನ ಭಾಗದಲ್ಲಿ.

5/6

ಹಾಲು ಎಲ್ಲೆಲ್ಲಿ ಅಡಗಿರುತ್ತೆ? ಇದು ಇಡೀ ಸರಣಿಯಲ್ಲಿ ಮುಖ್ಯವಾದ ಭಾಗ.

ಒಂದು, ಸವರೋದು. ಇಡ್ಲಿ ತಟ್ಟೆಗೆ, ಉಂಡೆ ಕಟ್ಟುವಾಗ ಕೈಗೆ ತುಪ್ಪ ಸವರೋದು ಅಭ್ಯಾಸ. ಹಾಕಿದ್ದು ಅಂತ ಯಾರಿಗೂ ನೆನಪೇ ಇರಲ್ಲ. ನಾವು ಅಡುಗೆಮನೆಯಿಂದ ತುಪ್ಪದ ಡಬ್ಬಿಯನ್ನೇ ಹೊರಗೆ ಕಳಿಸಿದ್ವಿ.

ಎರಡು, ಚಟ್ನಿ. ಹುರಿಗಡಲೆ, ಕಾಯಿ ಚಟ್ನಿಗೆ ಹುಳಿ ಬೇಕು ಅಂತ ಕೊನೇಲಿ ಒಂದು ಸೌಟು ಮೊಸರು ಹಾಕ್ತಾರೆ. ನಾವು ಹುಣಸೆಹಣ್ಣು ಹಾಕಿದ್ವಿ. ನುಚ್ಚಿನುಂಡೆಗೆ ಮಜ್ಜಿಗೆಹುಳಿ ಜೋಡಿ ಅನ್ನೋರು ಕ್ಷಮಿಸಿ, ಅದು ಮನೇಲಿ.

ಮೂರು, ಸಕ್ಕರೆ ಅಚ್ಚು. ಇದು ನನಗೂ ಹೊಸದು. ಅಚ್ಚಿನ ಪಾಕದ ಕಸ ತೆಗೆದು ಬೆಳ್ಳಗೆ ಮಾಡೋಕೆ ಹಾಲು ಹಾಕ್ತಾರೆ. ಆನೆ, ಕುದುರೆ, ಬಸವ ಎಲ್ಲ ಎಷ್ಟು ಚೆಂದ ಇದ್ದರೂ ಈ ಸಲ ತಟ್ಟೆಗೆ ಬರಲಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ, ಹುರಿಗಡಲೆ ಐದೇ. ಐದರಲ್ಲೂ ಹಾಲಿಲ್ಲ.

ನಾಲ್ಕು, ಹುರಿಹಿಟ್ಟಿನ ಉಂಡೆ. ಕನಕಪುರದವನ ಮನೇಲಿ ಹಾಲು, ತುಪ್ಪ ಹಾಕಿ ಕಟ್ಟೋದು. ಇಲ್ಲಿ ಬೆಲ್ಲದ ಪಾಕ, ಹಸಿ ಕಾಯಿತುರಿ ಹಾಕಿದ್ವಿ. ಕಾಯಿಯ ತೇವಕ್ಕೇ ಉಂಡೆ ನಿಲ್ಲುತ್ತೆ. ಅವತ್ತೇ ತಿಂದು ಮುಗಿಸಬೇಕು, ಇಟ್ಟರೆ ಕಾಯಿ ಹಳಸುತ್ತೆ.

ಐದು, ಪಾತ್ರೆ ಮತ್ತು ಸೌಟು. ಪದಾರ್ಥ ಸರಿ ಇದ್ದು ಸೌಟು ತಪ್ಪಿದರೆ ಎಲ್ಲ ವ್ಯರ್ಥ. ಮೊಸರಲ್ಲಿ ಅದ್ದಿದ ಸೌಟು ಚಟ್ನಿಗೆ ಹೋಗಬಾರದು. ಅದಕ್ಕೇ ಅಷ್ಟು ತೊಳೆದದ್ದು.

ಆರು, ಪ್ಯಾಕೆಟ್. ಹಸಿರು ಚುಕ್ಕಿ ಇದೆ ಅಂತ ನಂಬಬೇಡಿ. ಹಸಿರು ಚುಕ್ಕಿ ಅಂದ್ರೆ ಸಸ್ಯಾಹಾರ ಅಂತ ಅಷ್ಟೇ, ಹಾಲಿಲ್ಲ ಅಂತ ಅಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ, ಅಲರ್ಜಿ ಸೂಚನೆ ಇರುತ್ತೆ, ಅದನ್ನ ಓದಿ. ಇಂಗಿನ ಡಬ್ಬಿ ಕೂಡ ಓದಿ. ಬಹಳಷ್ಟು ಇಂಗಿನ ಪುಡೀಲಿ ಗೋಧಿ ಹಿಟ್ಟು ಇರುತ್ತೆ. ಗೋಧಿ ಆಗದವರಿಗೆ ಅದು ಮುಖ್ಯ.

ಬಳಸಿದ ಎಲ್ಲ ಪ್ಯಾಕೆಟ್‌ಗಳನ್ನ ಎಸೆಯದೇ ಟೇಬಲ್ ಕೆಳಗೆ ಒಂದು ಬುಟ್ಟೀಲಿ ಇಟ್ಟಿದ್ವಿ. ಅನುಮಾನ ಇದ್ದೋರು ಓದ್ಕೊಳ್ಳಲಿ ಅಂತ. ನಂಬಿ ಅಂತ ಹೇಳೋದಕ್ಕಿಂತ ತೋರಿಸೋದು ವಾಸಿ.

6/6

ಶುಕ್ರವಾರ 11 ಗಂಟೆ. ನಮಾಜಿಗೆ ಹೋಗೋರು ಇದ್ದಾರೆ ಅಂತ ಬೇಗ ಇಟ್ಟಿದ್ವಿ. ಮೂರು ದೊಡ್ಡ ತಟ್ಟೆ, ಬಾಳೆಎಲೆ ಹಾಸು, ಚಟ್ನಿಗೆ ಸಣ್ಣ ಅಡಿಕೆ ಹಾಳೆ ದೊನ್ನೆ. ಸಾಲು ಇಲ್ಲ. ಟೇಬಲ್ ಮಧ್ಯದಲ್ಲಿ, ನಾಲ್ಕೂ ಕಡೆಯಿಂದ ಕೈ.

ಅವಳು ಡಬ್ಬಿ ತಂದಿದ್ದಳು. ತರದೇ ಬರೋದು ಅವಳಿಗೆ ಆಗಲಿಲ್ಲ, ಅದನ್ನ ನಾವೂ ಅರ್ಥ ಮಾಡ್ಕೊಂಡ್ವಿ. ಒಂದು ಸಲ ಆಸ್ಪತ್ರೆ ನೋಡಿದ ದೇಹಕ್ಕೆ "ಪರವಾಗಿಲ್ಲ ತಿನ್ನು" ಅನ್ನೋ ಮಾತು ಸಾಕಾಗಲ್ಲ.

ಬುಟ್ಟಿ ಎಳೆದು ಪ್ಯಾಕೆಟ್ ಒಂದೊಂದೇ ಓದಿದಳು. ಎಣ್ಣೆ ಯಾವುದು ಕೇಳಿದಳು. ಪಾತ್ರೆ ಹೇಗೆ ತೊಳೆದ್ರಿ ಕೇಳಿದಳು. ನಮ್ಮ ಮಾಗಡಿಯವನು "ಏನ್ಲಾ ಇದು, ವೈವಾ ನಡೀತಿದೆ" ಅಂತ ಪಕ್ಕದವನಿಗೆ ಹೇಳಿದ. ಅವಳೂ ನಕ್ಕಳು. ಆಮೇಲೆ ಒಂದು ಉಂಡೆ ತಗೊಂಡು ತುದಿ ಮುರಿದು ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ನಾವೂ ನಿಂತ್ವಿ. ಆಮೇಲೆ ಉಳಿದದ್ದು ತಿಂದಳು. ಇನ್ನೊಂದು ತಗೊಂಡಳು.

ಅವಳ ಡಬ್ಬೀಲಿ ಇದ್ದದ್ದು ಅವರಮ್ಮ ಮಾಡಿದ ಗೊಜ್ಜವಲಕ್ಕಿ. ಅದನ್ನ ತೆಗೆದು ನಮ್ಮ ತಟ್ಟೆ ಪಕ್ಕ ಇಟ್ಟಳು. ಮೂರು ವರ್ಷ ನೋಡಿದ ಡಬ್ಬಿ, ರುಚಿ ನೋಡಿದ್ದು ಅವತ್ತೇ. ಎರಡು ನಿಮಿಷದಲ್ಲಿ ಖಾಲಿ.

ಖರ್ಚು ಲೆಕ್ಕ: ಅವರೆಕಾಯಿ, ರಾಗಿ ಬಿಟ್ಟಿ ಬಂದವು. ಅವಕ್ಕೂ ರೇಟು ಹಾಕಿದರೂ ತಲೆಗೆ 40 ರೂಪಾಯಿ ದಾಟಲಿಲ್ಲ. ಉಳಿದದ್ದು 11 ಉಂಡೆ. ಅದನ್ನ ಯಾರು ತಿಂದರು ಅಂತ ನಾನು ಹೇಳಲ್ಲ, ಮಾಗಡಿಯವನನ್ನೇ ಕೇಳಿ.

ನೀವೂ ಮಾಡೋದಾದ್ರೆ ಮೂರೇ ಮಾತು. ಮೊದಲು ಕೇಳಿ, ಕಾರಣ ಕೇಳಬೇಡಿ. ಎಲ್ಲಕ್ಕಿಂತ ಜಾಸ್ತಿ ಕಟ್ಟುಪಾಡು ಇರೋರಿಗೆ ಆಗೋದನ್ನೇ ಎಲ್ಲರಿಗೂ ಮಾಡಿ, ಅವರಿಗೊಂದು ಬೇರೆ ತಟ್ಟೆ ಅಂತ ಮಾಡಬೇಡಿ. ಏನು ಹಾಕಿದ್ರಿ ಅನ್ನೋದನ್ನ ಮುಚ್ಚಿಡಬೇಡಿ.

ನಿಮ್ಮ ಕ್ಲಾಸಲ್ಲೂ ಒಬ್ಬರು ಡಬ್ಬಿ ತರೋರು ಇರ್ತಾರೆ. ಅವರನ್ನ ಇಲ್ಲಿ ಟ್ಯಾಗ್ ಮಾಡಬೇಡಿ, ಮುಜುಗರ ಆಗುತ್ತೆ. ಪಾರ್ಟಿ ಮಾಡೋ ಫ್ರೆಂಡನ್ನ ಟ್ಯಾಗ್ ಮಾಡಿ.

ನಿಮ್ಮನೇಲಿ ಹಾಲು, ತುಪ್ಪ ಇಲ್ಲದೇ ಮಾಡೋ ಕೈತಿಂಡಿ ಯಾವುದಿದೆ? ಅಳತೆ ಸಮೇತ ಕಾಮೆಂಟಲ್ಲಿ ಹಾಕಿ. ಬೇಸಿಗೆ ಹೊತ್ತಿಗೆ ಫೇರ್‌ವೆಲ್ ಇದೆ, ಆಗ ಅವರೆಕಾಯಿ ಇರಲ್ಲ, ನಮಗೆ ಬೇರೆ ಐಡಿಯಾ ಬೇಕು.

#ನುಚ್ಚಿನುಂಡೆ #ಅವರೆಕಾಯಿ #ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ #ಒಂದೇತಟ್ಟೆ